ನಕ್ಷೆ ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ: ಫ್ರೆಂಚ್ ವಸಾಹತು ವಿಸ್ತರಣೆಯ ಒಂದು ಓದು

  ಗಡಿಯಾಚೆಯ ಕನ್ನಡಿಗರ ಕುರಿತ ಗೋಷ್ಠಿಯಲ್ಲಿ ಫ್ರಾನ್ಸಿನ ವಸಾಹತುಗಳ ಚರಿತ್ರೆ ಯಾಕೆ ಬಂತು ಅಂತ ಕೆಲವರಿಗಾದರೂ ಅನಿಸಿರಬಹುದು. ಒಂದು ತಾರೀಕಿನಿಂದ ಶುರು ಮಾಡುತ್ತೇನೆ.

ನವೆಂಬರ್ 1 ಅಂದ ಕೂಡಲೇ ನಮಗೆಲ್ಲ 1956 ನೆನಪಾಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1954ರ ನವೆಂಬರ್ 1ರಂದು, ಪಾಂಡಿಚೇರಿಯ ಸರ್ಕಾರಿ ಕಟ್ಟಡದ ಮೇಲಿನ ಫ್ರೆಂಚ್ ಬಾವುಟ ಇಳಿಯಿತು. ಆಡಳಿತ ಭಾರತದ ಕೈಗೆ ಬಂತು. ಅದೇ ದಿನ, ಸಾವಿರಾರು ಮೈಲಿ ದೂರದ ಅಲ್ಜೀರಿಯದಲ್ಲಿ ರಾಷ್ಟ್ರೀಯ ವಿಮೋಚನಾ ರಂಗ ಹಲವು ಕಡೆ ಒಟ್ಟಿಗೆ ದಾಳಿ ನಡೆಸಿ ಫ್ರಾನ್ಸಿನ ವಿರುದ್ಧ ಯುದ್ಧ ಆರಂಭಿಸಿತು. ಒಂದು ಕಡೆ ಸಹಿ ಹಾಕಿ ಹೊರಟ ಫ್ರಾನ್ಸು, ಇನ್ನೊಂದು ಕಡೆ ಎಂಟು ವರ್ಷ ಹೋರಾಡಿ, ಲಕ್ಷಾಂತರ ಜನರ ಸಾವಿನ ನಂತರ ಹೊರಟಿತು. ಒಂದೇ ಸಾಮ್ರಾಜ್ಯ, ಒಂದೇ ದಿನ, ಎರಡು ರೀತಿ. ಯಾಕೆ?

ಈ ಪ್ರಶ್ನೆ ಹಿಡಿದು ಹೋದರೆ ನನಗೆ ಸಿಗುವುದು ಎರಡು ಕಾಗದಗಳು. ಒಂದು ನಕ್ಷೆ, ಇನ್ನೊಂದು ಪಟ್ಟಿ. ನಕ್ಷೆಯಲ್ಲಿ ಯಾವ ನೆಲ ಫ್ರಾನ್ಸಿನದು ಅಂತ ಬರೆದಿರುತ್ತದೆ. ಪಟ್ಟಿಯಲ್ಲಿ ಯಾರು ಫ್ರಾನ್ಸಿನ ಪ್ರಜೆ, ಯಾರಿಗೆ ಮತ, ಯಾರಿಗೆ ಯಾವ ಕಾನೂನು ಅಂತ ಬರೆದಿರುತ್ತದೆ. ಫ್ರೆಂಚ್ ವಸಾಹತು ಚರಿತ್ರೆಯನ್ನು ಸಾಮಾನ್ಯವಾಗಿ ನಕ್ಷೆಯಿಂದ ಹೇಳುತ್ತಾರೆ. ಪಟ್ಟಿಯಿಂದ ಹೇಳಿದರೆ ಅದು ಹೇಗೆ ಬೆಳೆಯಿತು, ಹೇಗೆ ಮುರಿಯಿತು ಅನ್ನುವುದು ಹೆಚ್ಚು ಸ್ಪಷ್ಟವಾಗುತ್ತದೆ ಅನ್ನುವುದು ಈ ಪ್ರಬಂಧದ ವಾದ.

ಮೊದಲ ಸಾಮ್ರಾಜ್ಯ: ತುಪ್ಪಳ, ಸಕ್ಕರೆ, ಬಟ್ಟೆ

ಫ್ರಾನ್ಸಿನ ಸಾಗರೋತ್ತರ ವಿಸ್ತರಣೆಯನ್ನು ವಿದ್ವಾಂಸರು ಎರಡು ಹಂತ ಮಾಡುತ್ತಾರೆ. ಮೊದಲನೆಯದು 17ನೆಯ ಶತಮಾನದಿಂದ ನೆಪೋಲಿಯನ್ ಕಾಲದವರೆಗೆ. ಎರಡನೆಯದು 1830ರಿಂದ 1962ರವರೆಗೆ.

ಮೊದಲ ಹಂತದಲ್ಲಿ ಮೂರು ದಿಕ್ಕುಗಳಿವೆ. ಉತ್ತರ ಅಮೆರಿಕದಲ್ಲಿ ಜಾಕ್ ಕಾರ್ತಿಯೆ 1534ರಲ್ಲೇ ಶಿಲುಬೆ ನೆಟ್ಟು ನೆಲ ತನ್ನ ದೊರೆಯದ್ದೆಂದು ಸಾರಿದ್ದ. ಆದರೆ ಗಟ್ಟಿ ನೆಲೆ ಸಿಕ್ಕಿದ್ದು 1608ರಲ್ಲಿ, ಶಾಂಪ್ಲೇನ್ ಕ್ವಿಬೆಕ್ ಕಟ್ಟಿದಾಗ. ಅಲ್ಲಿನ ಮುಖ್ಯ ವ್ಯಾಪಾರ ಬೀವರ್ ಪ್ರಾಣಿಯ ತುಪ್ಪಳದ್ದು. ಕೆರಿಬಿಯನ್ ಸಮುದ್ರದಲ್ಲಿ 1635ರಲ್ಲಿ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ದ್ವೀಪಗಳು, 1697ರ ರಿಸ್ವಿಕ್ ಒಪ್ಪಂದದಿಂದ ಹಿಸ್ಪನಿಯೋಲ ದ್ವೀಪದ ಪಶ್ಚಿಮ ಭಾಗ ಅಂದ್ರೆ ಸೇಂಟ್ ಡೊಮಿಂಗ್ ದಕ್ಕಿದವು. ಇವು ಸಕ್ಕರೆಯ ದ್ವೀಪಗಳು. ಮೂರನೆಯ ದಿಕ್ಕು ನಮ್ಮದು. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೆರ್ 1664ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿಸಿದ. 1674ರಲ್ಲಿ ಫ್ರಾನ್ಸ್ವಾ ಮಾರ್ಟಿನ್ ಪಾಂಡಿಚೇರಿಯಲ್ಲಿ ನೆಲೆ ಹೂಡಿದ. ಮುಂದೆ ಚಂದ್ರನಗರ, ಮಾಹೆ, ಯಾನಂ, ಕಾರೈಕಲ್ ಸೇರಿ ಐದು ಊರುಗಳಾದವು. ಕಾಸರಗೋಡಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೋದವರಿಗೆ ಮಾಹೆ ಗೊತ್ತು. ಒಂಬತ್ತು ಚದರ ಕಿಲೋಮೀಟರಿನಷ್ಟು ಊರು. ಸುತ್ತ ಕೇರಳ, ಆಡಳಿತ ಮಾತ್ರ ಇವತ್ತಿಗೂ ಪುದುಚೇರಿಯದ್ದು.

ಈ ಮೂರೂ ಕಡೆ ಪಟ್ಟಿ ಬೇರೆ ಬೇರೆ ರೀತಿ ಬರೆಯಲ್ಪಟ್ಟಿತು. ಸಕ್ಕರೆ ದ್ವೀಪಗಳಿಗಾಗಿ 1685ರಲ್ಲಿ ಲೂಯಿ ದೊರೆ 'ಕರಿಯ ಸಂಹಿತೆ' ಅನ್ನುವ ಕಾನೂನು ತಂದ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರನ್ನು ಅದು ಚರ ಆಸ್ತಿ ಅಂತ ಬರೆಯಿತು. ಮಂಚ, ಪಾತ್ರೆಗಳ ಸಾಲಿನಲ್ಲಿ ಮನುಷ್ಯ. ಅದೇ ಸಂಹಿತೆ ಬಿಡುಗಡೆಯಾದ ಗುಲಾಮನಿಗೆ ಹುಟ್ಟು ಸ್ವತಂತ್ರರಷ್ಟೇ ಹಕ್ಕು ಅಂತಲೂ ಹೇಳಿತ್ತು. ಆದರೆ 18ನೆಯ ಶತಮಾನ ಮುಂದುವರಿದಂತೆ ಸ್ವತಂತ್ರ ಕರಿಯರಿಗೂ ಮಿಶ್ರ ವರ್ಣದವರಿಗೂ ಹುದ್ದೆ, ವೃತ್ತಿ, ಉಡುಪು ಎಲ್ಲದರಲ್ಲೂ ನಿರ್ಬಂಧ ಬಂತು. ಕಾಗದದ ಮೇಲೆ ಸಮಾನತೆ, ಬದುಕಿನಲ್ಲಿ ಬೇಲಿ. ಈ ಮಾದರಿ ಮುಂದೆ ಇನ್ನೂರೈವತ್ತು ವರ್ಷ ಮತ್ತೆ ಮತ್ತೆ ಬರುತ್ತದೆ.

1763ರ ಪ್ಯಾರಿಸ್ ಒಪ್ಪಂದ ಮೊದಲ ಸಾಮ್ರಾಜ್ಯದ ಬೆನ್ನು ಮುರಿಯಿತು. ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸು ಕೆನಡವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟು ಮಾರ್ಟಿನಿಕ್, ಗ್ವಾಡೆಲೂಪ್‌ಗಳನ್ನು ಉಳಿಸಿಕೊಂಡಿತು. ನಕ್ಷೆ ನೋಡಿದರೆ ಇದು ಹುಚ್ಚು ವ್ಯಾಪಾರ. ಲೆಕ್ಕ ನೋಡಿದರೆ ಅಲ್ಲ. ಕೆನಡದ ಅಷ್ಟು ದೊಡ್ಡ ನೆಲದಲ್ಲಿ ಫ್ರೆಂಚರಿದ್ದದ್ದು ಸುಮಾರು 70 ಸಾವಿರ. ದ್ವೀಪಗಳ ಸಕ್ಕರೆ ಮಾತ್ರ ಪ್ರತಿ ವರ್ಷ ದುಡ್ಡು ತರುತ್ತಿತ್ತು. ಭಾರತದಲ್ಲೂ ಡೂಪ್ಲೆ, ಬುಸ್ಸಿ ಕಂಡ ದಖ್ಖನ್ನಿನ ಕನಸು ಅಲ್ಲಿಗೆ ಮುಗಿಯಿತು. ಪಾಂಡಿಚೇರಿ 1761ರಲ್ಲಿ ಬ್ರಿಟಿಷರ ವಶವಾಗಿ ನೆಲಸಮವಾಗಿತ್ತು. ಒಪ್ಪಂದದಿಂದ ಐದು ಊರುಗಳು ವ್ಯಾಪಾರದ ಕೋಠಿಗಳಾಗಿ ವಾಪಸು ಸಿಕ್ಕವು.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಕಾಲದ ದೊಡ್ಡ ಆಸ್ತಿ ಆನಂದರಂಗ ಪಿಳ್ಳೆಯ ದಿನಚರಿ. ಡೂಪ್ಲೆಗೆ ದುಬಾಷಿಯಾಗಿದ್ದ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟದ್ದು. ಗವರ್ನರನ ಮನೆಯೊಳಗಿನ ಮಾತು, ಬಟ್ಟೆಯ ದರ, ಹಡಗು ಬಂದ ಸುದ್ದಿ ಎಲ್ಲ ಅದರಲ್ಲಿದೆ. ಅಂದಿನ ಸಾಮ್ರಾಜ್ಯ ದುಬಾಷಿಯಿಲ್ಲದೆ ಒಂದು ಥಾನು ಬಟ್ಟೆ ಕೊಳ್ಳಲಾರದ ಸ್ಥಿತಿಯಲ್ಲಿತ್ತು ಅಂತ ಓದಿದವರಿಗೆ ಗೊತ್ತಾಗುತ್ತದೆ.

ನಮ್ಮ ಗಡಿಗೆ ಇದರ ನಂಟು

ಇಲ್ಲಿ ಸ್ವಲ್ಪ ನಿಂತು ನಮ್ಮ ನೆಲದ ಮಾತು ಹೇಳಬೇಕು. ಮೈಸೂರಿಗೂ ಫ್ರೆಂಚರಿಗೂ ಇದ್ದದ್ದು ಸಮಾನ ವೈರಿಯ ಮೇಲೆ ನಿಂತ ಸ್ನೇಹ. 1782ರಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ಕಡಲೂರಿನಲ್ಲಿ ಹೈದರಾಲಿಯನ್ನು ಕಂಡ. ಮರುವರ್ಷ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂತು. ಜೊತೆಯಲ್ಲಿದ್ದ ಫ್ರೆಂಚ್ ತುಕಡಿ ಮುತ್ತಿಗೆಯಿಂದ ಹಿಂದೆ ಸರಿಯಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯನ್ನು ಕಂಡರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ.

1798ರಲ್ಲಿ ಫ್ರೆಂಚರ ಮಾರಿಷಸ್‌ನ ಗವರ್ನರ್ ಮಲಾರ್ತಿಕ್, ಟಿಪ್ಪುವಿಗಾಗಿ ಸ್ವಯಂಸೇವಕರು ಬೇಕು ಅಂತ ಬಹಿರಂಗವಾಗಿ ಸಾರಿದ. ಮಂಗಳೂರಿಗೆ ಬಂದಿಳಿದವರು ನೂರಕ್ಕೂ ಕಡಿಮೆ. ಆದರೆ ವೆಲ್ಲೆಸ್ಲಿಗೆ ಯುದ್ಧದ ನೆಪಕ್ಕೆ ಅಷ್ಟು ಸಾಕಾಯಿತು. ಅದೇ ವರ್ಷ ಹೈದರಾಬಾದಿನ ನಿಜಾಮನ ಬಳಿಯಿದ್ದ, ರೇಮಂಡ್ ಕಟ್ಟಿದ ಫ್ರೆಂಚ್ ಪಡೆಯನ್ನೂ ಬ್ರಿಟಿಷರು ನಿಶ್ಶಸ್ತ್ರಗೊಳಿಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಂತರದ ಹಂಚಿಕೆಯಲ್ಲಿ ಕೆನರಾ, ವಯನಾಡು, ಕೊಯಮತ್ತೂರು ಸೀಮೆ ಕಂಪನಿಗೆ ಹೋದವು. ನಿಜಾಮ ತನ್ನ ಪಾಲನ್ನು 1800ರಲ್ಲಿ ಕಂಪನಿಗೇ ಬಿಟ್ಟುಕೊಟ್ಟಾಗ ಬಳ್ಳಾರಿ, ಆದವಾನಿ, ರಾಯದುರ್ಗಗಳ ಸೀಮೆ ದತ್ತಮಂಡಲವಾಯಿತು. ಕಾಸರಗೋಡು ಮದ್ರಾಸು ಪ್ರಾಂತ್ಯದ ಲೆಕ್ಕಕ್ಕೆ ಬಂದದ್ದು ಈ ದಾರಿಯಲ್ಲಿ.

ಇದಕ್ಕೆಲ್ಲ ಫ್ರೆಂಚರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅವರು ಬಾರದಿದ್ದರೂ ಕಂಪನಿ ಬೇರೊಂದು ನೆಪ ಹುಡುಕುತ್ತಿತ್ತು. ಹೇಳುವುದಿಷ್ಟೆ: ಎರಡು ಸಾಮ್ರಾಜ್ಯಗಳ ಪೈಪೋಟಿಯಲ್ಲಿ ಎಳೆದ ಗೆರೆಗಳ ಮೇಲೆ ಮುಂದಿನ ಸರ್ಕಾರಗಳು ತಮ್ಮ ಗೆರೆ ಎಳೆದವು.

ಸೇಂಟ್ ಡೊಮಿಂಗ್: ಪಟ್ಟಿಯೊಳಗೆ ನುಗ್ಗಿದವರು

1789ರ ಹೊತ್ತಿಗೆ ಸೇಂಟ್ ಡೊಮಿಂಗ್ ಜಗತ್ತಿನ ಅತ್ಯಂತ ಲಾಭದ ವಸಾಹತು. ಯುರೋಪಿಗೆ ಹೋಗುತ್ತಿದ್ದ ಕಾಫಿಯಲ್ಲಿ ಸುಮಾರು ಅರ್ಧ ಅಲ್ಲಿಯದು. ಅಲ್ಲಿ ಸುಮಾರು 5 ಲಕ್ಷ ಗುಲಾಮರು, 30 ಸಾವಿರದಷ್ಟು ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸ್ವತಂತ್ರ ಕರಿಯರು ಮತ್ತು ಮಿಶ್ರ ವರ್ಣದವರು.

ಆ ವರ್ಷ ಪ್ಯಾರಿಸಿನಲ್ಲಿ ಮಾನವ ಹಕ್ಕುಗಳ ಘೋಷಣೆಯಾಯಿತು. ಮಾನವ ಅಂದ್ರೆ ಯಾರು ಅನ್ನುವ ಪ್ರಶ್ನೆ ಹಡಗು ಹತ್ತಿ ಕೆರಿಬಿಯನ್ನಿಗೆ ಹೋಯಿತು. ಮಿಶ್ರ ವರ್ಣದ ವಿನ್ಸೆಂಟ್ ಓಜೆ ಮತದ ಹಕ್ಕು ಕೇಳಿ ದಂಗೆಯೆದ್ದಾಗ 1791ರ ಫೆಬ್ರವರಿಯಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಮೇ ತಿಂಗಳಲ್ಲಿ ಪ್ಯಾರಿಸ್ ಸಭೆ, ಸ್ವತಂತ್ರ ತಂದೆ ತಾಯಿಗಳಿಗೆ ಹುಟ್ಟಿದ ಬಣ್ಣದವರಿಗೆ ಮಾತ್ರ ಹಕ್ಕು ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅದನ್ನೂ ಕಿತ್ತುಕೊಂಡಿತು. ಇವರು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಒಂದು ಸಾಲು ಹೊಡೆದು ಕೂತಿದ್ದ ಆ ನಡುವೆ, ಆಗಸ್ಟಿನಲ್ಲಿ, ಗುಲಾಮರೇ ಎದ್ದುಬಿಟ್ಟರು. ಕಬ್ಬಿನ ಗದ್ದೆಗಳು ಉರಿದವು. 1794ರ ಫೆಬ್ರವರಿ 4ರಂದು ಫ್ರಾನ್ಸು ತನ್ನೆಲ್ಲ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಅಂತ ಘೋಷಿಸಿತು. ಅದು ಅಲ್ಲಿ ಆಗಲೇ ಆಗಿಹೋಗಿದ್ದ ಸಂಗತಿಗೆ ಹಾಕಿದ ಮುದ್ರೆ.

1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ. ನಾಯಕ ಟೂಸಾಂ ಲೂವೆರ್ತ್ಯೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಒಂದು ಚಳಿಯ ಕೋಟೆಯಲ್ಲಿ ಕೂಡಿಹಾಕಿದರು. ಮರುವರ್ಷ ಅಲ್ಲೇ ಸತ್ತ. ಆದರೆ ದ್ವೀಪ ಮಣಿಯಲಿಲ್ಲ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಅಮೆರಿಕ ಖಂಡದ ನೆಲೆ ಕುಸಿದದ್ದರಿಂದ ನೆಪೋಲಿಯನ್ 1803ರಲ್ಲೇ ಲೂಸಿಯಾನವನ್ನು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಮಾರಿದ್ದ.

1825ರಲ್ಲಿ ಫ್ರಾನ್ಸು ಯುದ್ಧನೌಕೆಗಳನ್ನು ಕಳಿಸಿ ಹೈಟಿಯಿಂದ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ತೋಟದ ಒಡೆಯರ ನಷ್ಟಕ್ಕೆ, ಅಂದ್ರೆ ಅವರು ಕಳೆದುಕೊಂಡ ಮನುಷ್ಯರಿಗೂ ಸೇರಿ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಅದಕ್ಕಾಗಿ ಎತ್ತಿದ ಸಾಲದ ಭಾರ 20ನೆಯ ಶತಮಾನದವರೆಗೂ ಮುಂದುವರಿಯಿತು. ಪಟ್ಟಿಯಿಂದ ಹೆಸರು ಹೊಡೆಸಿಕೊಳ್ಳಲು ಆಸ್ತಿಯೇ ತನ್ನ ಬೆಲೆ ತೆತ್ತ ಹಾಗಾಯಿತು.

ಎರಡನೆಯ ಸಾಮ್ರಾಜ್ಯ: ಪ್ರಜೆ ಮತ್ತು ಅಡಿಯಾಳು

ಎರಡನೆಯ ಹಂತ ಆರಂಭವಾಗುವುದು ಅಲ್ಜೀರ್ಸ್‌ನಲ್ಲಿ. ಫ್ರಾನ್ಸು 1790ರ ದಶಕದಲ್ಲಿ ತನ್ನ ಸೈನ್ಯಕ್ಕಾಗಿ ಕೊಂಡ ಗೋಧಿಯ ಸಾಲ ತೀರಿಸಿರಲಿಲ್ಲ. ಆ ಮಾತು ಬೆಳೆದು 1827ರಲ್ಲಿ ಅಲ್ಜೀರ್ಸ್‌ನ ದೊರೆ ಹುಸೇನ್ ಫ್ರೆಂಚ್ ಕಾನ್ಸುಲನಿಗೆ ಬೀಸಣಿಗೆಯಲ್ಲಿ ಹೊಡೆದ. ಮೂರು ವರ್ಷದ ಮೇಲೆ, ತನ್ನ ನಾಡಿನಲ್ಲೇ ಸಿಂಹಾಸನ ಅಲುಗುತ್ತಿದ್ದ ಹತ್ತನೆಯ ಚಾರ್ಲ್ಸ್ ಗೆಲುವೊಂದು ಬೇಕಾಗಿ ಸೈನ್ಯ ಕಳಿಸಿದ. 1830ರ ಜುಲೈ 5ರಂದು ಅಲ್ಜೀರ್ಸ್ ಶರಣಾಯಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಚಾರ್ಲ್ಸನ ಆಳ್ವಿಕೆ ಕುಸಿಯಿತು, ಸೈನ್ಯ ಮಾತ್ರ ಅಲ್ಜೀರಿಯದಲ್ಲೇ ಉಳಿಯಿತು. ಅಮೀರ್ ಅಬ್ದುಲ್ ಖಾದಿರ್ 1847ರವರೆಗೆ ಪ್ರತಿರೋಧಿಸಿದ. ಬ್ಯೂಜೋ ಅನ್ನುವ ಸೇನಾಪತಿ ಬೆಳೆ ಸುಟ್ಟು, ಊರು ಸುಟ್ಟು ಅದನ್ನು ಮುರಿದ.

1848ರಲ್ಲಿ ಎರಡು ಕೆಲಸವಾಯಿತು. ಷೋಲ್ಷೆರ್ ಅವರ ಪ್ರಯತ್ನದಿಂದ ಏಪ್ರಿಲ್ 27ರಂದು ಗುಲಾಮಗಿರಿ ಕೊನೆಯ ಸಲ ರದ್ದಾಯಿತು. ಮತ್ತು ಅಲ್ಜೀರಿಯವನ್ನು ವಸಾಹತು ಅನ್ನದೆ ಫ್ರಾನ್ಸಿನ ಮೂರು ಜಿಲ್ಲೆಗಳು ಅಂತ ಮಾಡಿದರು. ನಕ್ಷೆಯ ಪ್ರಕಾರ ಇನ್ನು ಮೇಲೆ ಅದು ಫ್ರಾನ್ಸೇ. ಹಾಗಾದರೆ ಅಲ್ಲಿನ ಜನ?

1865ರ ಶಾಸನ ಉತ್ತರ ಕೊಟ್ಟಿತು: ಮುಸ್ಲಿಂ ಅಲ್ಜೀರಿಯನ್ ಫ್ರೆಂಚ್ ರಾಷ್ಟ್ರೀಯ, ಆದರೆ ಪೌರನಲ್ಲ. ಪೌರನಾಗಬೇಕಾದರೆ ಮದುವೆ, ವಾರಸುದಾರಿಕೆಗಳ ತನ್ನ ಧಾರ್ಮಿಕ ಕಾನೂನು ಬಿಟ್ಟುಕೊಟ್ಟು ಅರ್ಜಿ ಹಾಕಬೇಕು. ಬಹುತೇಕರಿಗೆ ಅದು ತನ್ನವರನ್ನು ಬಿಟ್ಟುಹೋದಂತೆ. ಅರ್ಜಿ ಹಾಕಿದವರು ಕೆಲವೇ ಸಾವಿರ. 1870ರಲ್ಲಿ ಕ್ರೆಮ್ಯೂ ಆಜ್ಞೆಯಿಂದ ಅಲ್ಜೀರಿಯದ ಸುಮಾರು 35 ಸಾವಿರ ಯಹೂದಿಗಳಿಗೆ ಒಮ್ಮೆಲೇ ಪೌರತ್ವ ಸಿಕ್ಕಿತು. ಅಂದ್ರೆ ಮನಸ್ಸು ಮಾಡಿದರೆ ಆಗುತ್ತಿತ್ತು.

1881ರ ಒಂದೇ ವರ್ಷವನ್ನು ಸ್ವಲ್ಪ ಗಮನಿಸಿ. ಪ್ರಧಾನಿ ಜೂಲ್ ಫೆರ್ರಿ ಫ್ರಾನ್ಸಿನ ಮಕ್ಕಳಿಗೆ ಪ್ರಾಥಮಿಕ ಶಾಲೆ ಉಚಿತ ಮಾಡಿದರು. ಅದೇ ವರ್ಷ ಟುನೀಸಿಯ ಫ್ರಾನ್ಸಿನ ರಕ್ಷಿತ ರಾಜ್ಯವಾಯಿತು. ಅದೇ ವರ್ಷ ಅಲ್ಜೀರಿಯದಲ್ಲಿ 'ಸ್ಥಳೀಯರ ಸಂಹಿತೆ' ಬಂತು: ಅಧಿಕಾರಿ ನ್ಯಾಯಾಲಯವಿಲ್ಲದೆ ದಂಡ ಹಾಕಬಹುದು, ಜೈಲಿಗೆ ಕಳಿಸಬಹುದು. ಅನುಮತಿಯಿಲ್ಲದೆ ಊರು ಬಿಟ್ಟರೂ, ಅಧಿಕಾರಿಗೆ ಅಗೌರವ ತೋರಿದರೂ ಅಪರಾಧ. ಮುಂದೆ ಇದು ಕೊಚಿನ್‌ಚೀನಾ, ಪಶ್ಚಿಮ ಆಫ್ರಿಕ, ನ್ಯೂ ಕ್ಯಾಲೆಡೋನಿಯಗಳಿಗೂ ಹಬ್ಬಿತು. ಒಂದೇ ಗಣರಾಜ್ಯ ಒಂದು ಕೈಯಲ್ಲಿ ಶಾಲೆ, ಇನ್ನೊಂದು ಕೈಯಲ್ಲಿ ಈ ಸಂಹಿತೆ ಹಿಡಿದಿತ್ತು.

1885ರ ಜುಲೈ ಕೊನೆಯಲ್ಲಿ ಸಂಸತ್ತಿನಲ್ಲಿ ಫೆರ್ರಿ, 'ಮೇಲಿನ' ಜನಾಂಗಗಳಿಗೆ 'ಕೆಳಗಿನ'ವರನ್ನು ನಾಗರಿಕರನ್ನಾಗಿ ಮಾಡುವ ಹಕ್ಕಿದೆ ಎಂದು ವಾದಿಸಿದರು. ಕ್ಲೆಮಾನ್ಸೊ ಎರಡು ದಿನ ಬಿಟ್ಟು ಅದನ್ನು ಕಟುವಾಗಿ ಖಂಡಿಸಿದರು. ಫ್ರೆಂಚರೆಲ್ಲ ಒಂದೇ ದನಿಯಲ್ಲಿ ಮಾತಾಡಿದರು ಅಂತ ತಿಳಿಯಬಾರದು. ಆದರೆ ಗೆದ್ದದ್ದು ಫೆರ್ರಿಯ ದಾರಿ.

ಈ ಹಂತದಲ್ಲಿ ನಕ್ಷೆ ಓಡುತ್ತದೆ. ಕಾಂಬೋಡಿಯ 1863, ಇಂಡೋಚೈನ ಒಕ್ಕೂಟ 1887, ಲಾವೋಸ್ 1893, ಫ್ರೆಂಚ್ ಪಶ್ಚಿಮ ಆಫ್ರಿಕ 1895, ಮಡಗಾಸ್ಕರ್ 1896, ಸಮಭಾಜಕ ಆಫ್ರಿಕ 1910, ಮೊರಾಕ್ಕೊ 1912. ಮೊದಲ ಮಹಾಯುದ್ಧದ ನಂತರ ಸಿರಿಯ, ಲೆಬನಾನ್, ಟೋಗೊ ಮತ್ತು ಕ್ಯಾಮರೂನಿನ ದೊಡ್ಡ ಪಾಲು. ಎರಡು ಯುದ್ಧಗಳ ನಡುವೆ ಇದೆಲ್ಲ ಸೇರಿ ಒಂದು ಕೋಟಿ ಚದರ ಕಿಲೋಮೀಟರಿಗೂ ಹೆಚ್ಚು. ಖರ್ಚು ಸ್ಥಳೀಯರ ಮೇಲೆಯೇ ಬಿತ್ತು. ಇಂಡೋಚೈನದಲ್ಲಿ ಉಪ್ಪು, ಸಾರಾಯಿ, ಅಫೀಮುಗಳ ಏಕಸ್ವಾಮ್ಯದಿಂದ ಬೊಕ್ಕಸ ತುಂಬಿತು. ಕಾಂಗೊ ಸಾಗರ ರೈಲುಮಾರ್ಗವನ್ನು 1921ರಿಂದ 1934ರವರೆಗೆ ಬಲವಂತದ ದುಡಿಮೆಯಿಂದ ಹಾಕಿಸಿದರು. ಸತ್ತವರು ಕಡಿಮೆಯೆಂದರೂ 17 ಸಾವಿರ ಅಂತ ಅಂದಾಜು.

ಪಟ್ಟಿಯ ಅಂಚಿನಲ್ಲಿ ನಿಂತವರು

ಪಟ್ಟಿ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಸೆನೆಗಲ್‌ನ ಸೇಂಟ್ ಲೂಯಿ, ಗೋರೆ, ರೂಫಿಸ್ಕ್, ಡಾಕರ್ ಎಂಬ ನಾಲ್ಕು ಪಟ್ಟಣದವರಿಗೆ ಮತವಿತ್ತು. ಅಲ್ಲಿಂದ 1914ರಲ್ಲಿ ಬ್ಲೇಸ್ ದಿಯಾಞ್ ಫ್ರೆಂಚ್ ಸಂಸತ್ತಿಗೆ ಆರಿಸಿ ಬಂದರು. 1916ರಲ್ಲಿ ಆ ಪಟ್ಟಣದವರು ಪೌರರೇ ಅಂತ ಕಾನೂನಾಯಿತು. ಪಟ್ಟಣದ ಹೊರಗಿನ ಹಳ್ಳಿಯವನು ಮಾತ್ರ ಅಡಿಯಾಳು.

ಪಾಂಡಿಚೇರಿಯ ಭಾರತೀಯ ಗಂಡಸರಿಗೆ 1871ರಿಂದಲೇ, ತಮ್ಮ ಕಾನೂನು ಬಿಡದೆಯೂ, ಮತ ಹಾಕಲು ಬಂತು. ಅಲ್ಜೀರಿಯದವರಿಗೆ ಇಲ್ಲದ್ದು ಇಲ್ಲಿ ಸಿಕ್ಕಿತು. ಸಣ್ಣ ಊರು, ನೆಲ ಕಬಳಿಸಲು ಬಂದ ಬಿಳಿ ಒಕ್ಕಲಿಗರಿಲ್ಲ, ಹೆದರಿಕೆಯೂ ಇಲ್ಲ. ಹಾಗಿದ್ದೂ 1873ರಲ್ಲಿ ಪೊನ್ನುತಂಬಿ ಪಿಳ್ಳೆ ಅನ್ನುವ ವಕೀಲರು ಯುರೋಪಿನ ಜೋಡು ಹಾಕಿ ಬಂದದ್ದಕ್ಕೆ ನ್ಯಾಯಾಲಯ ತಕರಾರು ತೆಗೆಯಿತು. ಅವರು ಪ್ಯಾರಿಸಿನವರೆಗೆ ಹೋಗಿ ಗೆದ್ದರು. 1881ರಲ್ಲಿ ಸ್ವಂತ ಕಾನೂನು ತ್ಯಜಿಸಿ ಫ್ರೆಂಚ್ ನಾಗರಿಕ ಕಾನೂನಿಗೆ ಸೇರುವ ದಾರಿ ತೆರೆದಾಗ ಅವರೂ ಸೇರಿ ಲಾಪೋರ್ತ್ ಅಂತ ಹೆಸರು ಇಟ್ಟುಕೊಂಡರು. ಆ ಮಾತಿಗೆ ಬಾಗಿಲು ಅಂತ ಅರ್ಥ. ಜಾತಿಯ ಕಟ್ಟಿನಿಂದ ಹೊರಬರಲು ಬಯಸಿದ ಹಲವರಿಗೆ ಅದು ನಿಜವಾಗಿ ಬಾಗಿಲೇ ಆಗಿತ್ತು. ಆದರೆ ಹೀಗೆ ಬಂದವರಿಗೂ ಮತದಾರರ ಪಟ್ಟಿ ಯುರೋಪಿನವರದ್ದಲ್ಲ, ಬೇರೆಯೇ ಅಂತ 1884ರಲ್ಲಿ ಮಾಡಿದರು. ಬಾಗಿಲು ದಾಟಿದರೆ ಇನ್ನೊಂದು ಬಾಗಿಲು.

ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾದರು. ಪಾಂಡಿಚೇರಿ, ಕಾರೈಕಲ್‌ಗಳಿಂದ ಕರಾರಿನ ಕೂಲಿಗಳನ್ನು ಹಡಗು ಹತ್ತಿಸಿದರು. ಗ್ವಾಡೆಲೂಪ್ ಒಂದಕ್ಕೇ ಸುಮಾರು 40 ಸಾವಿರ ಜನ ಹೋದರು. ಅವರ ಮಗನೊಬ್ಬ ಹೆನ್ರಿ ಸಿದಂಬರಂ. ಹೆಸರಿನಲ್ಲೇ ಚಿದಂಬರ ಇದೆ. 1904ರಲ್ಲಿ ಅವರು ಅಲ್ಲಿ ಹುಟ್ಟಿದ ಭಾರತೀಯರ ಮಕ್ಕಳ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೊರಟಾಗ ಸರ್ಕಾರ ಅಡ್ಡ ಬಂತು. ವ್ಯಾಜ್ಯ 1923ರವರೆಗೆ ನಡೆಯಿತು, ಕೊನೆಗೆ ಗೆದ್ದರು. ಒಂದು ಪಟ್ಟಿಯಲ್ಲಿ ಹೆಸರು ಬರಲು 19 ವರ್ಷ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆಪ್ತವಾದ ಹೋರಾಟ ಇದೇ.

ಮುರಿದದ್ದು ಹೇಗೆ

ಎರಡೂ ಮಹಾಯುದ್ಧಗಳಲ್ಲಿ ವಸಾಹತುಗಳ ಲಕ್ಷಾಂತರ ಸೈನಿಕರು ಫ್ರಾನ್ಸಿಗಾಗಿ ಹೋರಾಡಿದರು. ಬಾಕಿ ಸಂಬಳ ಕೇಳಿದ ಪಶ್ಚಿಮ ಆಫ್ರಿಕದ ಸೈನಿಕರ ಮೇಲೆ 1944ರ ಡಿಸೆಂಬರ್ 1ರಂದು ಡಾಕರ್ ಬಳಿಯ ಥಿಯಾರೋಯ್‌ನಲ್ಲಿ ಗುಂಡು ಹಾರಿತು. 1945ರ ಮೇ 8, ಯುರೋಪಿನ ವಿಜಯದ ದಿನ, ಅಲ್ಜೀರಿಯದ ಸೆತೀಫ್‌ನಲ್ಲಿ ಬಾವುಟ ಹಿಡಿದು ಬಂದವರ ಮೇಲೆ ಗುಂಡು ಹಾರಿ, ನಂತರದ ದಂಗೆ ಮತ್ತು ದಮನದಲ್ಲಿ ಸಾವಿರಾರು ಜನ ಸತ್ತರು.

1946ರಲ್ಲಿ ಒಂದಿಷ್ಟು ತಿದ್ದುಪಡಿಯಾಯಿತು. ಬಲವಂತದ ದುಡಿಮೆ ರದ್ದಾಯಿತು, ಲಾಮಿನ್ ಗೇಯ್ ಕಾನೂನಿನಿಂದ ಅಡಿಯಾಳುಗಳೆಲ್ಲ ಪೌರರಾದರು. ಕವಿ ಎಮೆ ಸೆಸೇರ್ ಮುಂದೆ ನಿಂತು ಮಾರ್ಟಿನಿಕ್, ಗ್ವಾಡೆಲೂಪ್, ಗಯಾನ, ರಿಯೂನಿಯನ್‌ಗಳನ್ನು ಫ್ರಾನ್ಸಿನ ಪೂರ್ಣ ಜಿಲ್ಲೆಗಳನ್ನಾಗಿ ಮಾಡಿಸಿದರು. ಆದರೆ 1947ರ ಅಲ್ಜೀರಿಯ ಶಾಸನ ನೋಡಿ: 120 ಜನರ ಸಭೆ. ಸುಮಾರು 10 ಲಕ್ಷ ಯುರೋಪಿಯನ್ನರೇ ತುಂಬಿದ ಮೊದಲ ಪಟ್ಟಿಗೆ 60 ಸ್ಥಾನ. 80 ಲಕ್ಷದಷ್ಟು ಮುಸ್ಲಿಮರ ಎರಡನೆಯ ಪಟ್ಟಿಗೂ 60 ಸ್ಥಾನ. ಅದಕ್ಕೂ ಮುಂಚೆ, 1936ರಲ್ಲಿ, ಸುಮಾರು 20 ಸಾವಿರ ವಿದ್ಯಾವಂತ ಮುಸ್ಲಿಮರಿಗೆ ಮತ ಕೊಡುವ ಪ್ರಸ್ತಾಪವನ್ನು ಬಿಳಿ ವಲಸಿಗರು ಮತಕ್ಕೂ ಬಾರದಂತೆ ತಡೆದಿದ್ದರು.

1954ರ ಮೇ 7ರಂದು ದಿಯೆನ್ ಬಿಯೆನ್ ಫೂನಲ್ಲಿ ಫ್ರೆಂಚ್ ಸೈನ್ಯ ವಿಯೆಟ್ನಾಮಿನವರಿಗೆ ಶರಣಾಯಿತು. ಆ ವರ್ಷದ ಜುಲೈ 16ರಂದು ಮಾಹೆ ಬಿಡುಗಡೆಯಾಯಿತು. ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿದ ಪಾಂಡಿಚೇರಿಯ 178 ಪ್ರತಿನಿಧಿಗಳಲ್ಲಿ 170 ಜನ ಭಾರತಕ್ಕೆ ಸೇರುವುದಕ್ಕೆ ಮತ ಹಾಕಿದರು. ನಾನು ಮೊದಲು ಹೇಳಿದ ನವೆಂಬರ್ 1 ಬಂದದ್ದು ಹೀಗೆ. ಆರಂಭದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪಾಂಡಿಚೇರಿಯಲ್ಲಿ ಎಣಿಸಲು ಒಂದು ಸಭೆಯಿತ್ತು, ಎಣಿಕೆ ಆಯಿತು. ಅಲ್ಜೀರಿಯದಲ್ಲಿ ಎಣಿಕೆಯನ್ನೇ ನೂರು ವರ್ಷ ತಡೆದಿದ್ದರು, ಉಳಿದದ್ದು ಬಂದೂಕು.

ಪಾಂಡಿಚೇರಿಯ ಒಪ್ಪಂದಕ್ಕೆ 1956ರ ಮೇ ತಿಂಗಳಲ್ಲೇ ಸಹಿ ಬಿದ್ದರೂ ಫ್ರೆಂಚ್ ಸಂಸತ್ತು ಅದನ್ನು ಅನುಮೋದಿಸಿದ್ದು 1962ರಲ್ಲಿ, ಅಲ್ಜೀರಿಯ ಸ್ವತಂತ್ರವಾದ ಮೇಲೆ. ಅಲ್ಜೀರಿಯ ಸ್ವತಂತ್ರವಾದದ್ದು ಜುಲೈ 5ರಂದು, ಅಲ್ಜೀರ್ಸ್ ಶರಣಾಗಿ 132 ವರ್ಷಕ್ಕೆ ಸರಿಯಾಗಿ. ಆಗಸ್ಟ್ 16ರಂದು ಪಾಂಡಿಚೇರಿ ಕಾನೂನಿನ ಪ್ರಕಾರವೂ ಭಾರತದ್ದಾಯಿತು. ನಡುವೆ 1960 ಒಂದೇ ವರ್ಷದಲ್ಲಿ ಆಫ್ರಿಕದ 14 ಫ್ರೆಂಚ್ ಪ್ರದೇಶಗಳು ಸ್ವತಂತ್ರವಾಗಿದ್ದವು.

ಭಾಷೆಯ ಮಾತು

ಮೂರನೆಯ ಕಾಗದವೊಂದಿದೆ: ಶಾಲೆಯ ಪುಸ್ತಕ. ಫ್ರೆಂಚ್ ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡೋ ಏನೋ ಕಟ್ಟುತ್ತಿದ್ದರು. ಇನ್ನೊಬ್ಬ ಆಡಿ ಸಿಕ್ಕಿಬಿದ್ದಾಗ ಅದು ಅವನ ಕೊರಳಿಗೆ. ಇದನ್ನು ಮೊದಲು ಮಾಡಿದ್ದು ಫ್ರಾನ್ಸಿನೊಳಗೇ, ಬ್ರೆಟನ್ ಮಾತಾಡುವ ಮಕ್ಕಳಿಗೆ. ಆಮೇಲೆ ಆಫ್ರಿಕದ ಶಾಲೆಗಳಿಗೆ ಹೋಯಿತು. ಫ್ರೆಂಚ್ ಶಾಲೆಗಳಲ್ಲಿ ಕಲಿತ ಸೆಂಗೋರ್, ಸೆಸೇರ್ ಅದೇ ಫ್ರೆಂಚಿನಲ್ಲಿ ಕರಿಯತನದ ಹೆಮ್ಮೆಯ ಕಾವ್ಯ ಬರೆದರು. ಅಲ್ಜೀರಿಯದ ಕಾತೆಬ್ ಯಾಸಿನ್ ಫ್ರೆಂಚ್ ಭಾಷೆಯನ್ನು ಯುದ್ಧದಲ್ಲಿ ಗೆದ್ದ ಕೊಳ್ಳೆ ಅಂದರು. ಮಲಯಾಳದ ಎಂ. ಮುಕುಂದನ್ ಮಾಹೆಯ ಕುರಿತ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಫ್ರೆಂಚರು ಹೋಗುತ್ತಾರೆಂದು ನೋಯುವ ಹಿರಿಯರನ್ನೂ, ಅವರನ್ನು ಓಡಿಸಲು ಹೊರಟ ಕಿರಿಯರನ್ನೂ ಒಂದೇ ಮನೆಯಲ್ಲಿ ಕೂರಿಸಿದ್ದಾರೆ.

1956ರ ಆ ಒಪ್ಪಂದದಲ್ಲಿ ಎರಡು ವಿಷಯ ನಾವು ಓದಲೇಬೇಕು. ಒಂದು, ಅಲ್ಲಿನ ಜನ ಗೊತ್ತಾದ ಅವಧಿಯೊಳಗೆ ಬರೆದುಕೊಟ್ಟು ಫ್ರೆಂಚ್ ರಾಷ್ಟ್ರೀಯತೆ ಉಳಿಸಿಕೊಳ್ಳಬಹುದಿತ್ತು. ಎರಡು, ಜನಪ್ರತಿನಿಧಿಗಳು ಬೇರೆ ತೀರ್ಮಾನಿಸುವವರೆಗೆ ಫ್ರೆಂಚ್ ಅಲ್ಲಿನ ಆಡಳಿತ ಭಾಷೆ ಅಂತ ಬರೆದಿತ್ತು. ಮುಂದೆ 1965ರ ಅಲ್ಲಿನ ಆಡಳಿತ ಭಾಷಾ ಕಾಯ್ದೆ ತಮಿಳಿನ ಜೊತೆಗೆ ಮಾಹೆಗೆ ಮಲಯಾಳ, ಯಾನಂಗೆ ತೆಲುಗು ಅಂತ ಹೆಸರಿಸಿ ಜಾಗ ಕೊಟ್ಟಿತು. ಒಂಬತ್ತು ಚದರ ಕಿಲೋಮೀಟರಿನ ಊರಿನ ಭಾಷೆಗೂ ಕಾಯ್ದೆಯಲ್ಲಿ ಒಂದು ಸಾಲು.

ಸಂವಾದದಿಂದ

ಮಂಡನೆಯ ನಂತರ ಬಂದ ಎರಡು ಪ್ರಶ್ನೆಗಳನ್ನು ಉತ್ತರದ ಸಹಿತ ಇಲ್ಲಿ ಸೇರಿಸಿದ್ದೇನೆ.

ಮೊದಲನೆಯದು: ಹಾಗಾದರೆ ಗಡಿನಾಡ ಕನ್ನಡಿಗರೂ ಒಂದು ರೀತಿ ವಸಾಹತಿನವರೇ ಅನ್ನಬಹುದಾ?

ಅನ್ನಬಾರದು ಅಂತ ನನ್ನ ಅಭಿಪ್ರಾಯ. ನಮಗೆ ಮತವಿದೆ, ನ್ಯಾಯಾಲಯವಿದೆ, ಒಂದೇ ಸಂವಿಧಾನವಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮನೆಮಾತಿನಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಬೇಕೆನ್ನುವ 350ಎ ವಿಧಿಯಿದೆ. ಅಲ್ಜೀರಿಯದ ರೈತನ ಪಾಡನ್ನು ನಮ್ಮದರ ಜೊತೆ ಇಟ್ಟರೆ ಅವನಿಗೂ ಅನ್ಯಾಯ, ನಮ್ಮ ಪ್ರಶ್ನೆಗೂ ಅನ್ಯಾಯ. ಆದರೆ ಒಂದು ಪಾಠ ತೆಗೆದುಕೊಳ್ಳಬಹುದು. ಹಕ್ಕು ಇದೆ ಅನ್ನುವುದಕ್ಕೂ, ಅರ್ಜಿಯ ನಮೂನೆ ನಮ್ಮ ಭಾಷೆಯಲ್ಲಿ ಸಿಗುತ್ತದೆ, ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಷ್ಟ್ರು ಬರುತ್ತಾರೆ ಅನ್ನುವುದಕ್ಕೂ ನಡುವೆ ದೂರವಿದೆ. ಆ ದೂರ ಅಳೆಯುವ ಕೆಲಸ ಭಾಷಣಕ್ಕಿಂತ ದಾಖಲೆಯಿಂದ ಆಗಬೇಕು. ಸಿದಂಬರಂ ಗೆದ್ದದ್ದು ದಾಖಲೆ ಹಿಡಿದು.

ಎರಡನೆಯದು: ಸಾಮ್ರಾಜ್ಯ ಹೋದ ಮೇಲೆ ಪಟ್ಟಿಯ ಸಮಸ್ಯೆ ಮುಗಿಯಿತಾ?

ಇಲ್ಲ. ನ್ಯೂ ಕ್ಯಾಲೆಡೋನಿಯ 1853ರಿಂದ ಇಂದಿನವರೆಗೂ ಫ್ರಾನ್ಸಿನದು. ಅಲ್ಲಿನ ಮೂಲನಿವಾಸಿ ಕನಕರ ಮತದ ತೂಕ ಉಳಿಯಲೆಂದು 1998ರ ಒಪ್ಪಂದದಲ್ಲಿ ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯನ್ನು ಸೀಮಿತಗೊಳಿಸಿದ್ದರು. 2024ರ ಮೇ ತಿಂಗಳಲ್ಲಿ ಅದನ್ನು ಹೊಸಬರಿಗೆ ತೆರೆಯಲು ಹೊರಟಾಗ ದೊಡ್ಡ ಗಲಭೆಯಾಗಿ ಜೀವಗಳು ಹೋದವು. ಅಂದ್ರೆ ಪಟ್ಟಿ ಹಿಗ್ಗಿಸುವುದೇ ಯಾವಾಗಲೂ ನ್ಯಾಯ ಅಂತಲೂ ಹೇಳಲಾಗದು. ಯಾರನ್ನು ಸೇರಿಸುವುದರಿಂದ ಯಾರ ದನಿ ಮುಳುಗುತ್ತದೆ ಅಂತಲೂ ಕೇಳಬೇಕು.

ಇನ್ನೊಂದು ಉದಾಹರಣೆ ಸ್ವತಂತ್ರ ಅಲ್ಜೀರಿಯದ್ದು. ಫ್ರೆಂಚರನ್ನು ಕಳಿಸಿದ ಆ ದೇಶ ಅರಬಿಯನ್ನು ಏಕೈಕ ರಾಷ್ಟ್ರಭಾಷೆ ಮಾಡಿತು. ವಿಮೋಚನಾ ಯುದ್ಧದಲ್ಲಿ ಜೀವ ತೆತ್ತವರಲ್ಲಿ ಬರ್ಬರ್ ಮಾತಿನ ಬೆಟ್ಟದ ಜನ ಬಹಳವಿದ್ದರು. ಅವರ ತಮಾಝಿಗ್ತ್ ಭಾಷೆಗೆ ರಾಷ್ಟ್ರಭಾಷೆಯ ಸ್ಥಾನ ಸಿಕ್ಕಿದ್ದು 2002ರಲ್ಲಿ, ಆಡಳಿತ ಭಾಷೆಯ ಸ್ಥಾನ 2016ರಲ್ಲಿ. ಸ್ವಾತಂತ್ರ್ಯ ಬಂದು 54 ವರ್ಷದ ಮೇಲೆ. ಆ ಕಾಲವಿಡೀ ಅವರು ತಮ್ಮ ಭಾಷೆಯಲ್ಲಿ ಹಾಡು ಕಟ್ಟಿದರು, ಪತ್ರಿಕೆ ಮಾಡಿದರು, ಶಾಲೆ ಬಹಿಷ್ಕರಿಸಿ ಬೀದಿಗಿಳಿದರು, ಮತ್ತು ಬಹಳ ಮಂದಿ ದೇಶ ಬಿಟ್ಟು ಹೋಗುತ್ತೇವೆ ಅನ್ನದೆ ಅಲ್ಲೇ ನಿಂತು ಕೇಳಿದರು. ನಮ್ಮಂಥವರು ಓದಬೇಕಾದ ಚರಿತ್ರೆ ಅಲ್ಲಿಂದ ಮುಂದಿನದು.